ಹೂಕುಂಡದೊಳಗಿನ ಒಂಟಿ ತಾಯಿ

ಪುತ್ತೂರಿನ ಓದುಗರೊಬ್ಬರು ಫೋಟೊ ಕಳಿಸಿ ಕೇಳಿದ್ದಾರೆ: ‘ಆಂಥೂರಿಯಂ ಕುಂಡದ ಮಣ್ಣು ಬದಲಿಸುವಾಗ ನಾಗರಮರಿ ಸಿಕ್ಕಿತು. ಮನೆಯವರು ಸೀಮೆಎಣ್ಣೆ ಸುರಿದು ಕೊಂದರು. ತಾಯಿಹಾವು ಹತ್ತಿರದಲ್ಲೇ ಇರಬಹುದೇ? ಶಾಂತಿ ಏನಾದರೂ ಮಾಡಿಸಬೇಕೇ?’

ಶಾಂತಿಯ ವಿಚಾರ ಜೋಯಿಸರಿಗೇ ಇರಲಿ. ಫೋಟೊದಲ್ಲಿರುವುದು ನಾಗರಮರಿಯಲ್ಲ, ಯಾವ ಹಾವಿನ ಮರಿಯೂ ಅಲ್ಲ. ಬೆಳೆದು ನಿಂತ ಕುರುಡು ಹಾವು. ತಾಯಿ ಎಲ್ಲಿ ಅಂದರೆ, ನೀವು ಕೊಂದದ್ದೇ ತಾಯಿ! ಪೂರ್ತಿ ಬೆಳೆದರೂ ಇದರ ಉದ್ದ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್. ನಾಗರಮರಿಯಾದರೋ ಮೊಟ್ಟೆಯೊಡೆದು ಬರುವಾಗಲೇ ಇದಕ್ಕಿಂತ ಉದ್ದ, ಕೆಣಕಿದರೆ ಆಗಲೇ ಹೆಡೆಯನ್ನೂ ಬಿಚ್ಚುತ್ತದೆ. ಕುರುಡು ಹಾವಿಗೆ ಹೆಡೆಯೂ ಇಲ್ಲ, ವಿಷವೂ ಇಲ್ಲ, ನಮ್ಮ ಬೆರಳು ಕಚ್ಚುವಷ್ಟು ಬಾಯಿಯೂ ಇಲ್ಲ. ಬಾಲದ ತುದಿಯಲ್ಲಿ ಪುಟ್ಟ ಮುಳ್ಳೊಂದಿದೆ. ಹಿಡಿದರೆ ಅದನ್ನು ಅಂಗೈಗೆ ಒತ್ತುತ್ತದೆ, ಅಷ್ಟೇ. ಅದನ್ನೇ ‘ಬಾಲದಲ್ಲಿ ವಿಷ’ ಅನ್ನುವವರಿದ್ದಾರೆ. ನಿದ್ದೆಯಲ್ಲಿದ್ದವರ ಕಿವಿಗೆ ನುಗ್ಗುತ್ತದೆಂಬ ಪುಕಾರನ್ನೂ ಕೇಳಿದ್ದೇನೆ. ಕಿವಿಯೊಳಗೆ ಅದಕ್ಕೇನು ಕೆಲಸ? ಅಲ್ಲಿ ಗೆದ್ದಲಿಲ್ಲ.

ಜೋರು ಮಳೆಗೆ ನೆಲದಡಿ ನೀರು ತುಂಬಿದಾಗ ಇದು ಬಚ್ಚಲ ತೂಬಿನಿಂದಲೂ ಮೇಲೆ ಬರುವುದುಂಟು. ಹಾಗೆ ಬಂದದ್ದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಎರೆಹುಳದ ಉಂಗುರಗಳಿಲ್ಲ, ಲೋಳೆಯಿಲ್ಲ. ಮಿರಮಿರ ಮಿಂಚುವ ಸಣ್ಣ ಹುರುಪೆಗಳು. ಅವುಗಳಡಿ ಹುದುಗಿದ ಎರಡು ಕಪ್ಪು ಚುಕ್ಕೆಗಳೇ ಕಣ್ಣು. ಬೆಳಕೋ ಕತ್ತಲೋ ಎಂದು ತಿಳಿಯಲಷ್ಟೇ ಅವು ಸಾಕು. ತಲೆ ಯಾವ ಕಡೆ ಎಂಬ ನನ್ನ ಗೊಂದಲ ಬಗೆಹರಿದದ್ದು ನಾಲಿಗೆ ಹೊರಗೆ ಬಂದಾಗಲೇ. ಒಂದು ಎಚ್ಚರಿಕೆ: ಕಟ್ಟುಹಾವಿನ ಮರಿಯೂ ಕಪ್ಪೇ. ಮೈಮೇಲೆ ಬಿಳಿ ಪಟ್ಟೆ ಕಂಡರೆ, ಇಲ್ಲವೇ ಗೇಣಿಗಿಂತ ಉದ್ದವಿದ್ದರೆ, ಭೂತಗನ್ನಡಿಯ ಶೋಕಿ ಬೇಡ. ದೂರ ನಿಲ್ಲಿ.

ಇರುವೆಯ ಮೊಟ್ಟೆ, ಮರಿ, ಗೆದ್ದಲು ಇದರ ಊಟ. ಹಾವು ಎಂದರೆ ಇಡಿಯಾಗಿ ನುಂಗುವ ಪ್ರಾಣಿ ಎಂದು ನಾವೆಲ್ಲ ಓದಿದ್ದೇವಲ್ಲ, ಇದು ಆ ಪಾಠವನ್ನೂ ಕೆಡಿಸಿದೆ. ಎಷ್ಟೋ ಸಲ ಗೆದ್ದಲನ್ನು ಬಾಯಲ್ಲಿ ಕಚ್ಚಿಕೊಂಡು ನೆಲಕ್ಕೆ ಉಜ್ಜಿ ಉಜ್ಜಿ ತಲೆ ಕಳಚಿ ಬಿಸಾಡಿ, ಮೈಯನ್ನಷ್ಟೇ ನುಂಗುತ್ತದೆ. ಇದನ್ನು ಕಂಡು 2015ರಲ್ಲಿ ಪ್ರಕಟಿಸಿದವರು ಜಪಾನಿನ ಮಿಜುನೊ ಮತ್ತು ಕೊಜಿಮಾ. ಗೆದ್ದಲಿನ ಗಟ್ಟಿ ತಲೆ ಹಾವಿಗೆ ಜೀರ್ಣವಾಗುವುದಿಲ್ಲ. ನುಂಗಿದರೂ ಹಿಕ್ಕೆಯಲ್ಲಿ ಹಾಗೇ ಹೊರಬರುತ್ತದೆ.

ಆದರೆ ನನ್ನನ್ನು ಮರುಳು ಮಾಡಿದ್ದು ಇದರ ಸಂಸಾರ. ಈ ಜಾತಿಯಲ್ಲಿ ಗಂಡೇ ಇಲ್ಲ. ಹೆಬ್ಬಾವಿನಂಥ ಕೆಲವು ಹಾವುಗಳು ಅಪರೂಪಕ್ಕೊಮ್ಮೆ ಗಂಡಿನ ನೆರವಿಲ್ಲದೆ ಮರಿ ಮಾಡಿದ್ದುಂಟು. ಇದಕ್ಕೆ ಅದೇ ನಿತ್ಯದ ಕ್ರಮ. ತಾಯಿ ಒಬ್ಬಳೇ ಕೆಲವು ಪುಟ್ಟ ಮೊಟ್ಟೆ ಇಡುತ್ತಾಳೆ, ಹುಟ್ಟುವುದೆಲ್ಲ ಅವಳದೇ ಪಡಿಯಚ್ಚಿನ ಹೆಣ್ಣುಮಕ್ಕಳು. ನಮಗೆಲ್ಲ ವರ್ಣತಂತುಗಳ ಎರಡು ಸೆಟ್ ಇದ್ದರೆ ಇದಕ್ಕೆ ಮೂರು: ಹದಿನಾಲ್ಕರಂತೆ ಒಟ್ಟು 42. ಮೂರು ಬೆಸ ಲೆಕ್ಕವಾದ್ದರಿಂದ ಅವನ್ನು ಸರಿಪಾಲು ಮಾಡಿ ಗಂಡು-ಹೆಣ್ಣು ಹಂಚಿಕೊಳ್ಳುವುದು ಕಷ್ಟ. ನಿಮ್ಮ ಹಿತ್ತಿಲ ಬಾಳೆಯದೂ ಇದೇ ಪಾಡು. ನಾವು ನೆಡುವ ಬಹುಪಾಲು ಬಾಳೆತಳಿಗಳಲ್ಲೂ ಮೂರು ಸೆಟ್ ವರ್ಣತಂತು. ಅದಕ್ಕೇ ಹಣ್ಣಿನಲ್ಲಿ ಬೀಜ ಕಟ್ಟುವುದಿಲ್ಲ, ಕಂದು ಕಿತ್ತು ನೆಟ್ಟೇ ವಂಶ ಸಾಗಬೇಕು. ಬಾಳೆಗೆ ಕಂದು, ಇದಕ್ಕೆ ಮೊಟ್ಟೆ.

ಕಂದಿನಂತೆ ಇದೂ ಮನುಷ್ಯರ ಕೈಯಿಂದಲೇ ಊರೂರು ಸುತ್ತಿತು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1796ರ ತನ್ನ ಹಾವುಗಳ ಪುಸ್ತಕದಲ್ಲಿ ವಿಶಾಖಪಟ್ಟಣದ ಕುರುಡು ಹಾವಿನ ಚಿತ್ರ ಹಾಕಿದ್ದ. ಇಂದು ಅದೇ ಜಾತಿ ಆಫ್ರಿಕಾ, ಆಸ್ಟ್ರೇಲಿಯಾ, ಮೆಕ್ಸಿಕೊ, ಫ್ಲಾರಿಡಾಗಳಲ್ಲೂ ಇದೆ. ಬೇರುಮಣ್ಣಿನಲ್ಲಿ ಒಂದೇ ಒಂದು ಹೋದರೂ ಸಾಕು. ಜೋಡಿ ಹುಡುಕುವ ಗೋಜಿಲ್ಲವಲ್ಲ! ಇಂಗ್ಲಿಷಿನಲ್ಲಿ ಫ್ಲವರ್‌ಪಾಟ್ ಸ್ನೇಕ್ ಎನ್ನುವುದು ಇದನ್ನೇ.

ಹವಾಯಿ ದ್ವೀಪಗಳಲ್ಲಿ ನೆಲದ ಹಾವೆಂಬುದೇ ಇರಲಿಲ್ಲ. 1930ರಲ್ಲಿ ಹೊನೊಲುಲುವಿನ ಶಾಲೆಯೊಂದರ ಆವರಣದಲ್ಲಿ ಇದು ಮೊದಲು ಕಂಡಿತು. ಫಿಲಿಪ್ಪೀನ್ಸಿನಿಂದ ತರಿಸಿದ ಗಿಡಗಳ ಜತೆ ಬಂದಿತ್ತೆಂದು ಅಂದಾಜು. ಅಲ್ಲಿ ಹಾವು ತಂದರೆ, ಸಾಕಿದರೆ, 2 ಲಕ್ಷ ಡಾಲರ್‌ವರೆಗೆ ದಂಡ, 3 ವರ್ಷದವರೆಗೆ ಜೈಲು. ಬಂದರು, ವಿಮಾನ ನಿಲ್ದಾಣಗಳಲ್ಲಿ ಹಾವಿಗಾಗಿ ತಪಾಸಣೆಯೂ ನಡೆಯುತ್ತದೆ. ಇಷ್ಟರ ನಡುವೆ ಕುರುಡು ಹಾವು ಮಾತ್ರ ಅಲ್ಲಿನ ಹೂತೋಟಗಳಲ್ಲಿ ಆರಾಮಾಗಿ ಮೊಟ್ಟೆ ಇಡುತ್ತಿದೆ.