ಶಿವನಿ: ಚೈತ್ರಕ್ಕೊಂದು ನಿಲ್ದಾಣ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ರೈಲು ಬೀರೂರು ಬಿಟ್ಟು, ಅಜ್ಜಂಪುರ ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ಶಿವನಿ. ಬೀರೂರಿನಿಂದ ಹಳಿಯ ಲೆಕ್ಕದಲ್ಲಿ ಸುಮಾರು 28 ಕಿ.ಮೀ. ಅಲ್ಲಿಂದ ಮುಂದೆ ಹೊಸದುರ್ಗ ರೋಡ್, ಚಿಕ್ಕಜಾಜೂರು. ವೇಗದ ಗಾಡಿಯಲ್ಲಿ ಕೂತವರಿಗೆ ಕಾಣುವುದು ಕಣ್ಣೆದುರು ಸರಿದುಹೋಗುವ ಹಳದಿ ಫಲಕ ಮಾತ್ರ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಮುಳ್ಳಯ್ಯನಗಿರಿ, ಕಾಫಿ ತೋಟ, ಮಂಜು ಎಂದು ಹೇಳುವ ಪ್ರವಾಸಿ ಪುಸ್ತಕಗಳು ಜಿಲ್ಲೆಯ ಈ ಪೂರ್ವದ ಅಂಚಿನ ಕಡೆ ತಿರುಗಿ ನೋಡಿದ್ದು ಕಡಿಮೆ. ಆದರೆ ಶಿವರಾತ್ರಿ ಕಳೆದು ಮಾಘ ಮುಗಿದು ಯುಗಾದಿಗೆ ದಿನ ಎಣಿಸುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಒಂದು ದಿನ ಹೊರಡಬೇಕೆಂದಿದ್ದರೆ ಶಿವನಿಯಷ್ಟು ಒಳ್ಳೆಯ ಜಾಗ ಈ ಸುತ್ತಿನಲ್ಲಿ ಇನ್ನೊಂದಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಕಾರಣ ಇದರ ನೆಲೆ. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಶಿವನಿ ಈಗ ಅಜ್ಜಂಪುರ ತಾಲ್ಲೂಕಿನದು. ಊರಿನ ಸುತ್ತ ಬಯಲುಸೀಮೆಯ ಎರೆ ಹೊಲಗಳು. ಈರುಳ್ಳಿ, ಕಡಲೆ, ಜೋಳ, ರಾಗಿಯ ನೆಲ. ಕೊಳವೆಬಾವಿ ಬಂದಮೇಲೆ ತೆಂಗು, ಅಡಿಕೆ ತೋಟಗಳೂ ಎದ್ದಿವೆ. ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿ ಹೊರಟರೆ ಅರ್ಧ ದಿನದೊಳಗೆ ತರೀಕೆರೆ ದಾಟಿ ಬಾಬಾಬುಡನ್ ಗಿರಿಸಾಲಿನ ಬುಡ ಮುಟ್ಟಬಹುದು. ಹಾಗಾಗಿ ಈ ಭಾಗದಲ್ಲಿ ವಸಂತ ಎರಡು ಸಲ ಬರುತ್ತದೆ. ಮೊದಲು ಎಲೆ ಉದುರಿಸಿ ನಿಂತ ಬಯಲಿನ ಮರಗಳಿಗೆ, ಒಣಗಾಳಿಯಲ್ಲಿ. ಆಮೇಲೆ ಮೊದಲ ಮಳೆ ಬಿದ್ದ ಗಿರಿಯ ಮಗ್ಗುಲಿಗೆ. ಎರಡನ್ನೂ ಒಂದೇ ಬುತ್ತಿಯಲ್ಲಿ ನೋಡಿ ಬರಬಹುದಾದ ಊರುಗಳು ನಮ್ಮಲ್ಲಿ ಎಷ್ಟಿವೆ?

ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೆಸರಾದ, 'ಜೈಮಿನಿ ಭಾರತ' ಬರೆದ ಲಕ್ಷ್ಮೀಶನಿಗೆ 'ಕರ್ಣಾಟಕವಿಚೂತವನಚೈತ್ರ' ಎಂಬ ಬಿರುದಿತ್ತು. ಕವಿಗಳ ಮಾವಿನ ತೋಪಿಗೆ ಬಂದ ಚೈತ್ರ ಎಂಬ ಹೊಗಳಿಕೆ ಈ ಸೀಮೆಯ ಕವಿಗೆ ಒಪ್ಪುತ್ತದೆ. ಚೈತ್ರದ ಹೊತ್ತಿಗೆ ಇಲ್ಲಿನ ಮಾವು ಹೂ ಕಳೆದು ಮಿಡಿ ಹಿಡಿದಿರುತ್ತದೆ. ಬೇವು, ಹೊಂಗೆಗಳ ಸರದಿ ಶುರುವಾಗಿರುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮುತ್ತುಗ. ಹೊಲದ ಬದು, ಹಳ್ಳದ ದಂಡೆ, ಹಾಳುಬಿದ್ದ ಗೋಮಾಳ, ಎಲ್ಲಿ ಬೇಕಾದರೂ ನಿಲ್ಲುವ ಮರ ಇದು. ವರ್ಷವಿಡೀ ಯಾರ ಗಮನಕ್ಕೂ ಬಾರದೆ, ಎಲೆ ಕೀಳುವವರಿಗಷ್ಟೇ ಬೇಕಾಗಿ ಇರುತ್ತದೆ. ಫೆಬ್ರುವರಿ ಕೊನೆಗೆ ಒಂದೆಲೆಯೂ ಇಲ್ಲದ ಬೋಳು ಕೊಂಬೆಗಳ ತುಂಬ ಕೇಸರಿ ಹೂ. ಉದುರಿದ ಒಂದನ್ನು ಕೈಗೆತ್ತಿಕೊಂಡು ನೋಡಿ. ತೊಟ್ಟಿನ ಬಟ್ಟಲು ಕಪ್ಪುಕಂದು, ಮುಟ್ಟಿದರೆ ಮಖಮಲ್ಲು. ಅದರೊಳಗಿಂದ ಬಾಗಿ ಬಂದ ಎಸಳು ಗಿಣಿಯ ಕೊಕ್ಕಿನಂತೆ ಮೊನಚು. ಎಸಳ ಹೊರಮೈಗೆ ಬೆಳ್ಳಿಬಣ್ಣದ ನವಿರು ರೋಮ. ಬಿಸಿಲಿಗೆ ಹಿಡಿದು ತಿರುಗಿಸಿದರೆ ಮಾತ್ರ ಕಾಣುತ್ತದೆ. ಮಕ್ಕಳು ಇದನ್ನು ಕಂಡುಹಿಡಿದಾಗ ಅವರ ಮುಖ ನೋಡಬೇಕು. ಬೆಳಗ್ಗೆ ಬೇಗ ಹೋದರೆ ಮಕರಂದಕ್ಕೆ ಬಂದ ಗೊರವಂಕ, ಪಿಕಳಾರ, ಸೂರಕ್ಕಿಗಳ ಗಲಾಟೆಯಲ್ಲಿ ಮರದ ಕೆಳಗೆ ಮಾತಾಡುವುದೂ ಕಷ್ಟ. ಹೋಳಿಯ ಬಣ್ಣಕ್ಕೆ ಹಿಂದೆ ಇದೇ ಹೂವನ್ನು ಕುದಿಸುತ್ತಿದ್ದರು. ಊಟದೆಲೆ ಹಚ್ಚಲು ಇದರ ಎಲೆ, ಹೋಮಕ್ಕೆ ಇದರ ಸಮಿತ್ತು.

ಮುತ್ತುಗ ಮುಗಿಯುವಷ್ಟರಲ್ಲಿ ಹೊಂಗೆ. ತಿಳಿ ನೇರಳೆ ಬೆರೆತ ಬಿಳಿ ಹೂಗಳು ಮರದ ಮೇಲಿರುವುದಕ್ಕಿಂತ ನೆಲದ ಮೇಲೆ ಚೆಂದ. ಉದುರಿದ ಹೂವಿನ ಹಾಸನ್ನು ಗುಡಿಸಿ ಗೊಬ್ಬರಕ್ಕೆ ಒಯ್ಯುವವರಿದ್ದಾರೆ. ಜೊತೆಗೇ ಬೇವು. ಯುಗಾದಿಯ ಬೇವು–ಬೆಲ್ಲಕ್ಕೆ ಪೇಟೆಯಲ್ಲಿ ಹೂವಿನ ಗೊಂಚಲನ್ನು ದುಡ್ಡು ಕೊಟ್ಟು ತರುವವರು ಇಲ್ಲಿಗೆ ಬಂದು ಒಮ್ಮೆ ಮರದ ಕೆಳಗೆ ಕೂರಬೇಕು. ಕಹಿ ಮರದ ಹೂವಿಗೆ ಜೇನಿನ ವಾಸನೆ ಇದೆಯೆಂಬುದು ಆಗ ಗೊತ್ತಾಗುತ್ತದೆ. ಕವಳಿಯ ಪೊದೆಗಳಲ್ಲಿ ಮಲ್ಲಿಗೆಯಂಥ ಬಿಳಿ ಹೂ, ಬೇಲಿಗಳಲ್ಲಿ ಎಕ್ಕ, ಗುಡ್ಡದ ಕಲ್ಲುನೆಲದಲ್ಲಿ ತಂಗಡಿ. ಏಪ್ರಿಲ್ ಬಂದರೆ ಕಕ್ಕೆ ಮರಗಳು ಹಳದಿ ಗೊಂಚಲು ಇಳಿಬಿಡುತ್ತವೆ. ತೋಟವಿದ್ದವರ ಮನೆಗೆ ಹೋದರೆ ಅಡಿಕೆಯ ಹಿಂಗಾರ ನೋಡದೆ ಬರಬೇಡಿ. ಹಾಳೆ ಬಿಡಿಸಿದಾಗ ಹೊರಬರುವ ಕೆನೆಬಣ್ಣದ ಗೊನೆಯನ್ನು ಪೂಜೆಗೆ ಇಡುವುದು ಸುಮ್ಮನೆ ಬಂದ ಪದ್ಧತಿಯಲ್ಲ.

ಇನ್ನು ಕಾವಲು. ಈ ಸೀಮೆಯ ಪರಿಚಯ ಅಮೃತಮಹಲ್ ಕಾವಲುಗಳಿಲ್ಲದೆ ಮುಗಿಯುವುದಿಲ್ಲ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಆ ರಾಸುಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಬೂದು ಮೈ, ಬೆದರು ಕಣ್ಣಿನ ಆ ಹಸುಗಳ ಹಿಂಡು ಒಣಹುಲ್ಲಿನ ನಡುವೆ ನಡೆಯುವುದನ್ನು ನೋಡಿದರೆ ಮೈಸೂರು ಸೇನೆಯ ತೋಪುಗಳನ್ನು ಎಳೆದ ತಳಿ ಇದೇ ಎಂದು ನಂಬಿಕೆ ಬರುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು; ಸುಮಾರು 7 ಚದರ ಕಿ.ಮೀ. ಹುಲ್ಲುಗಾವಲು, ಕೃಷ್ಣಮೃಗಗಳ ನೆಲೆ. ಮರವಿಲ್ಲದ ಬಯಲು ಎಂದರೆ ಪಾಳುಬಿದ್ದ ಜಾಗ ಎಂದುಕೊಂಡು ಅಲ್ಲೂ ಸಸಿ ನೆಡಬೇಕೆನ್ನುವವರಿದ್ದಾರೆ. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಬೇಕು. ಒಣಗಿದ ಹುಲ್ಲಿನ ಮಧ್ಯೆ ಹಳದಿ ಗುಂಡುಹೂ ಬಿಟ್ಟ ಜಾಲಿ ಒಂದೆರಡು ಇದ್ದರೆ ಅಲ್ಲಿನ ವಸಂತಕ್ಕೆ ಅಷ್ಟು ಸಾಕು.

ಬುತ್ತಿಯ ಜೊತೆ ಚೀಲದಲ್ಲಿ ಇರಬೇಕಾದ ಇನ್ನೊಂದು ವಸ್ತು ನೋಟ್‌ಬುಕ್. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಕಾಲವೇ ಕಾಗದದ ಕಾಲ. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬರುತ್ತದೆ. ವೈಶಾಖದ ಮದುವೆಗಳ ಲಗ್ನಪತ್ರಿಕೆಗಳು ನಾಲ್ಕು ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಬಾಗಿಲಿಗೆ ಬರುತ್ತವೆ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳಿಗೆ ಬೇಸಿಗೆ ರಜೆ. ವರ್ಷದ ಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಕಿತ್ತು, ಅಂಚು ಸಮ ಮಾಡಿ, ದಬ್ಬಳದಲ್ಲಿ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು ರಫ್ ಪುಸ್ತಕ ಮಾಡಿಕೊಡುವುದು ನಮ್ಮ ಕಡೆ ಅಪ್ಪಂದಿರ, ಅಜ್ಜಂದಿರ ಕೆಲಸ. ಎರಡು ಗೆರೆ, ನಾಲ್ಕು ಗೆರೆ, ಚೌಕಳಿ ಎಲ್ಲ ಬೆರೆತ ಆ ಪುಸ್ತಕಕ್ಕೆ ಕಂದು ಕಾಗದದ ಬೈಂಡ್ ಹಾಕಿ, ಲೇಬಲ್ ಅಂಟಿಸಿದರೆ ಅಂಗಡಿಯಲ್ಲಿ ಕೊಂಡದ್ದಕ್ಕಿಂತ ಮೇಲು.

ಕಾಗದ ಈ ಸೀಮೆಗೆ ದೂರದ ಸರಕಲ್ಲ. ತರೀಕೆರೆಯ ಮುಂದಿನ ದೊಡ್ಡ ಊರು ಭದ್ರಾವತಿ. ಅಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮಲೆನಾಡಿನ ಬಿದಿರೇ ಮೊದಲ ಕಚ್ಚಾವಸ್ತು. ಬರೆಯುವ, ಅಚ್ಚು ಹಾಕುವ ಕಾಗದ ತಯಾರಿಸುತ್ತಿದ್ದ ಕಾರ್ಖಾನೆ 1980ರ ದಶಕದಲ್ಲಿ ಪತ್ರಿಕಾ ಕಾಗದಕ್ಕೂ ಇಳಿಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ಇವತ್ತಿಗೂ ಪೇಪರ್ ಟೌನ್ ಎಂದೇ ಹೆಸರು. 2015ರಲ್ಲಿ ಉತ್ಪಾದನೆ ನಿಂತಿತು. ಕಾರ್ಖಾನೆಗೆಂದು ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳಿಂದ ಕಾಡಿಗಾದ ನಷ್ಟದ ಮಾತು ಬೇರೆ, ಅದನ್ನು ಗಟ್ಟಿಯಾಗಿಯೇ ಆಡಬೇಕು. ಆದರೆ ಈ ಭಾಗದ ಒಂದೆರಡು ತಲೆಮಾರಿನ ಎಷ್ಟೋ ಮನೆಗಳಿಗೆ ಅನ್ನ ಹಾಕಿದ್ದ ಕಾರ್ಖಾನೆಯ ಯಂತ್ರಗಳು ಸುಮ್ಮನೆ ನಿಂತಿರುವುದು ನೋವಿನ ಸಂಗತಿ.

ಕಾಗದಕ್ಕಿಂತ ಹಿಂದೆ ನಮ್ಮ ನಾಡಿನಲ್ಲಿ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡದ್ದನ್ನು ಅಳಿಸಿ ಮತ್ತೆ ಬರೆಯುವುದು. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇಂದು ಇತಿಹಾಸಕಾರರ ಆಕರ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಬೇಕು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ಅದು. ಅಲ್ಲಿನ ಶಾಸನವನ್ನು ರಚಿಸಿದವನು 'ಯಶೋಧರ ಚರಿತೆ'ಯ ಕವಿ ಜನ್ನ. ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಸಾಲು ಚಿತ್ರಗಳಿವೆ; ಮಕ್ಕಳಿಗೆ ಕಥೆ ಹೇಳುತ್ತ ಒಂದು ಸುತ್ತು ಹಾಕಿದರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಹುಲ್ಲುಹಾಸಿದೆ, ನೆರಳಿದೆ. ಬುತ್ತಿ ಬಿಚ್ಚುವುದಿದ್ದರೆ ಆವರಣದ ಹೊರಗೆ ಬಿಚ್ಚಿ.

ಆ ನೋಟ್‌ಬುಕ್ಕಿನಲ್ಲಿ ಏನು ಮಾಡಬೇಕು? ಉದುರಿದ ಹೂವನ್ನು ಹಳೆಯ ಪತ್ರಿಕೆಯ ಮಡಿಕೆಯೊಳಗೆ ಎಸಳು ಬಿಡಿಸಿ ಇಟ್ಟು, ಮೇಲೆ ಭಾರ ಹೇರಿ. ಮುತ್ತುಗದಂಥ ದಪ್ಪ ಹೂವಿಗೆ ಮೊದಲ ಕೆಲವು ದಿನ ಕಾಗದ ಬದಲಿಸಲೇಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬೇವಿನ ಹೂವಿಗೆ ಆ ತೊಂದರೆಯಿಲ್ಲ. ಬಯಲುಸೀಮೆಯ ಒಣಗಾಳಿಗೆ ಬೇಗ ಗರಿಗರಿಯಾಗುತ್ತದೆ. ಒಣಗಿದ್ದನ್ನು ಅಂಟಿಸಲು ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನಿಗಿಂತ ಒಳ್ಳೆಯ ರಟ್ಟು ಬೇಕಿಲ್ಲ. ಪಕ್ಕದಲ್ಲಿ ಮರದ ಹೆಸರು, ಜಾಗ, ತಾರೀಖು, ಯಾರ ಕೈಯಲ್ಲಿ ಸಿಕ್ಕಿತು ಎಂಬುದನ್ನು ಬರೆಯಬೇಕು. ಸಸ್ಯಶಾಸ್ತ್ರಜ್ಞರು ಮಾಡುವುದೂ ಇದನ್ನೇ. ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಈ ಮೂವರು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದ ಹಿಂದೆ ಇರುವುದೂ ಹೀಗೆ ಒತ್ತಿ, ಒಣಗಿಸಿ, ಹೆಸರು ಬರೆದಿಟ್ಟ ಹಾಳೆಗಳೇ.

ಹೆಸರು ಕೇಳುವುದಕ್ಕೆ ಮೊಬೈಲಿಗಿಂತ ಮೊದಲು ಮನೆಯ ಹಿರಿಯರಿದ್ದಾರೆ. "ಅಜ್ಜಿ, ಇದ್ಯಾವ ಹೂ?" ಎಂದು ಮೊಮ್ಮಗಳು ಕೇಳಿದರೆ, "ಕವಳಿ ಕಣೇ, ಹಣ್ಣಾಗ್ಲಿ ತಾಳು, ಉಪ್ಪಿನಕಾಯಿ ಹಾಕಿಕೊಡ್ತೀನಿ" ಎಂಬ ಉತ್ತರದಲ್ಲಿ ಹೂವಿನ ಹೆಸರು, ಹಣ್ಣಿನ ಕಾಲ, ಅಡುಗೆ ಮೂರೂ ಬಂದಿರುತ್ತವೆ. ಆ ಮಾತನ್ನೂ ಹಾಳೆಯ ಮೇಲೆ ಬರೆದಿಡಿ.

ಎರಡನೆಯ ವಸಂತಕ್ಕೆ ಗಿರಿ ಹತ್ತಬೇಕು. ತರೀಕೆರೆಯಿಂದ ಲಿಂಗದಹಳ್ಳಿ ದಾರಿಯಲ್ಲಿ ಹೋದರೆ ಕಲ್ಲತ್ತಿಗಿರಿ. ಬಂಡೆಯಿಂದ ಇಳಿಯುವ ನೀರಿನ ಪಕ್ಕದಲ್ಲೇ ವೀರಭದ್ರನ ಗುಡಿ. ಬೇಸಿಗೆಗೆ ನೀರು ತೆಳುವಾಗಿರುತ್ತದೆ, ಮಕ್ಕಳು ಕಾಲಾಡಿಸಲು ಅದೇ ಕ್ಷೇಮ. ಮೇಲೆ ಕೆಮ್ಮಣ್ಣುಗುಂಡಿ, ಸಮುದ್ರಮಟ್ಟದಿಂದ 1,400 ಮೀಟರಿಗೂ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದ ಈ ಜಾಗವನ್ನು ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಇಲ್ಲಿಂದಲೇ; ಹೆಸರಿನಲ್ಲಿರುವ ಕೆಮ್ಮಣ್ಣು ಅದೇ. ಗುಲಾಬಿ ತೋಟ ಚೆನ್ನಾಗಿದೆ. ಆದರೂ ನನ್ನ ಮನಸ್ಸು ಕೆಳಗಿನ ಇಳಿಜಾರಿನ ಕಾಫಿ ತೋಟಗಳ ಕಡೆ. ಮಾರ್ಚ್–ಏಪ್ರಿಲ್‌ನಲ್ಲಿ ಒಂದಂಗುಲದಷ್ಟು ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಗಿಡಗಳೆಲ್ಲ ಒಟ್ಟಿಗೆ ಬೆಳ್ಳಗಾಗುತ್ತವೆ. ಮೂರ್ನಾಲ್ಕು ದಿನಕ್ಕೆ ಮುಗಿದೇಹೋಗುತ್ತದೆ. ಈ ಭಾಗದಲ್ಲಿ ನೆಂಟರಿದ್ದವರು ಮಳೆ ಬಿದ್ದ ದಿನವೇ ಫೋನು ಮಾಡಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊರಡುವವರಿಗೆ ಕೆಲವು ಮಾತು. ಶಿವನಿಯಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ವೇಳೆ ನೋಡಿಕೊಂಡು ಪ್ಯಾಸೆಂಜರ್ ಹಿಡಿಯಿರಿ, ಇಲ್ಲವೇ ಬೀರೂರಿನಲ್ಲಿ ಇಳಿದು ರಸ್ತೆ ಹಿಡಿಯಿರಿ. ಹೊತ್ತೇರಿದರೆ ಬಯಲಿನ ಬಿಸಿಲು ತಡೆಯುವಂಥದ್ದಲ್ಲ, ನೀರು ಮನೆಯಿಂದಲೇ ಒಯ್ಯಿರಿ. ಹೊಲಕ್ಕೆ ಕಾಲಿಡುವ ಮೊದಲು ಹೊಲದವರನ್ನು ಕೇಳಿ. ಕಾವಲಿನಲ್ಲಿ ಬೀಡಿ, ಬೆಂಕಿ ಬೇಡವೇ ಬೇಡ. ಮಾರ್ಚ್ ತಿಂಗಳ ಹುಲ್ಲಿಗೆ ಒಂದು ಕಿಡಿ ಸಾಕು. ಮೀಸಲು ಪ್ರದೇಶಕ್ಕೆ ಹೋಗುವುದಿದ್ದರೆ ಅರಣ್ಯ ಇಲಾಖೆಯವರ ಅನುಮತಿ ಪಡೆಯಿರಿ. ಮರದಿಂದ ಹೂ ಕೀಳಬೇಡಿ, ನೆಲದ ಮೇಲೆ ಬೇಕಾದಷ್ಟಿರುತ್ತದೆ.

ಶಿವನಿ ಹೋಬಳಿಯ ಶಾಲೆಗಳ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಈ ಬೇಸಿಗೆ ರಜೆಗೆ ಮಕ್ಕಳಿಗೆ ಕೊಡುವ ಮನೆಗೆಲಸದಲ್ಲಿ ಒಂದು ಹೂವಿನ ಪುಸ್ತಕವನ್ನೂ ಸೇರಿಸಿ. ಹೊಸ ನೋಟ್‌ಬುಕ್ ಕೊಳ್ಳುವುದು ಬೇಡ, ಉಳಿದ ಹಾಳೆಗಳನ್ನೇ ಹೊಲಿದುಕೊಳ್ಳಲಿ. ರಜೆ ಮುಗಿದು ಶಾಲೆ ತೆರೆದಾಗ ಅವನ್ನೆಲ್ಲ ಒಂದು ಕಡೆ ಜೋಡಿಸಿ, ಊರಿನವರನ್ನು ಕರೆದು ತೋರಿಸಿ.