ಕಾಲು ಮಿಲಿಮೀಟರಿನೊಳಗೆ ಒಂದು ಲೋಕ

ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ಬದುಕಿರುವ ಮನುಷ್ಯನ ನರಜಾಲವನ್ನೂ ರಕ್ತನಾಳಗಳನ್ನೂ ನೇರವಾಗಿ ನೋಡಬೇಕೆ? ದೇಹ ಅದಕ್ಕೆ ಬಿಟ್ಟಿರುವ ಕಿಟಕಿ ಕಣ್ಣು! ಅದರ ಹಿಂಗೋಡೆಗೆ ಹಾಸಿರುವ ಅಕ್ಷಿಪಟಲದ ದಪ್ಪ ಸುಮಾರು ಕಾಲು ಮಿಲಿಮೀಟರ್. ನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಹಳದಿ ಚುಕ್ಕೆ. ಮೊಮ್ಮಗಳ ಮುಖ, ಬಸ್ಸಿನ ಬೋರ್ಡು, ಔಷಧದ ಚೀಟಿ ಎಲ್ಲ ನಿಚ್ಚಳವಾಗುವುದು ಅಲ್ಲೇ.

ಈ ನಡುಭಾಗವನ್ನು ಯಂತ್ರವೇ ಇಲ್ಲದೆ ಕಂಡವರು ಬೆಂಗಳೂರಿನಲ್ಲಿದ್ದರು. ಸರ್ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳನ್ನು ದೃಷ್ಟಿಯ ಅಧ್ಯಯನಕ್ಕೆ ಕೊಟ್ಟರು. ಬಣ್ಣದ ಫಿಲ್ಟರನ್ನು ಕಣ್ಣೆದುರು ಹಿಡಿದು, ಬೆಳಗುವ ಪರದೆಯನ್ನು ದಿಟ್ಟಿಸಿ, ಥಟ್ಟನೆ ಫಿಲ್ಟರ್ ಸರಿಸಿದರೆ ಸ್ವಂತ ಅಕ್ಷಿಪಟಲದ ಹಿಗ್ಗಿದ ಚಿತ್ರವೇ ಪರದೆಯ ಮೇಲೆ ಮೂಡುತ್ತದೆ ಎಂದು 1968ರ ತಮ್ಮ ‘ದಿ ಫಿಸಿಯಾಲಜಿ ಆಫ್ ವಿಷನ್’ ಪುಸ್ತಕದಲ್ಲಿ ವಿವರಿಸಿದರು.

1991ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ಸುದ್ದಿ ಇನ್ನೂ ಬೆರಗಿನದು. ಬಾವಿಗೆ ಕಲ್ಲೆಸೆದು ಸದ್ದು ಬರುವ ಹೊತ್ತಿನಿಂದ ಆಳ ಅಳೆಯುವಂತೆ, ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಸಂಗಡಿಗರು ಬೆಳಕಿನಿಂದಲೇ ಅಕ್ಷಿಪಟಲದ ಆಳ ಅಳೆದರು! ಆದರೆ ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅದು ಹೋಗಿಬರುವ ಹೊತ್ತನ್ನು ಯಾವ ಗಡಿಯಾರ ಹಿಡಿದೀತು? ಅದಕ್ಕೇ ಕಿರಣವನ್ನು ಇಬ್ಭಾಗ ಮಾಡಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಕನ್ನಡಿಗೂ ಕಳುಹಿಸಿ, ಮರಳಿದ ಅಲೆಗಳನ್ನು ಕೂಡಿಸಿ ನೋಡಿದರು. ಅದೇ ಒಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ಪದರ ಪದರವಾಗಿ ಅಕ್ಷಿಪಟಲ ತೆರೆದುಕೊಂಡಿತು.

1997ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವಿಲಿಯಮ್ಸ್ ತಂಡ ನಕ್ಷತ್ರಗಳ ಮಿನುಗಾಟವನ್ನು ಸರಿಪಡಿಸುವ ದೂರದರ್ಶಕದ ತಂತ್ರವನ್ನೇ ಕಣ್ಣಿಗೆ ತಂದಿತು. ಬದುಕಿರುವ ಮನುಷ್ಯನ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಶಂಕುಕೋಶಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದವು! ಆಕಾಶ ನೋಡಲು ಹುಟ್ಟಿದ ವಿದ್ಯೆ ಹೀಗೆ ಕಣ್ಣೊಳಗೆ ಇಳಿಯಿತು.

ಇದರಿಂದ ಅಥಣಿ ತಾಲ್ಲೂಕಿನ ಅನಂತಪುರದಂಥ ಊರಿಗೇನು? ಬಹಳವಿದೆ. ಐವತ್ತು ದಾಟಿದವರ ಮ್ಯಾಕ್ಯುಲಾ ಸವೆಯುವ ಎಎಂಡಿ ಎಂಬ ರೋಗ ಸದ್ದಿಲ್ಲದೆ ಬರುತ್ತದೆ. ಅಕ್ಷಿಪಟಲದಡಿ ‘ಡ್ರೂಸೆನ್’ ಎಂಬ ಹಳದಿ ಕಣಗಳು ಕೂಡುತ್ತವೆ; ಆಗ ನೋವಿಲ್ಲ, ದೃಷ್ಟಿಯೂ ಮಸುಕಾಗದಿರಬಹುದು. ಆದರೆ ಅಕ್ಷಿಪಟಲದ ಚಿತ್ರದಲ್ಲಿ ಅವು ಕಾಣುತ್ತವೆ! ಮುಂದೆ ಕೆಲವರಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರಿ, ‘ನಡುವ ಕಾಣವಲ್ದು, ಬಾಜೂಕ ಕಾಣ್ತತಿ’ ಎನ್ನುವ ಸ್ಥಿತಿ ಬರುತ್ತದೆ. ಮನೆಯವರು ಪೊರೆ ಎಂದುಕೊಳ್ಳುತ್ತಾರೆ. ಪೊರೆ ತೆಗೆದರೂ ಮ್ಯಾಕ್ಯುಲಾ ಮರಳದು. ಆದರೆ ಸೋರುವಿಕೆ ಬೇಗ ಸಿಕ್ಕರೆ, ಕಣ್ಣೊಳಗೆ ಕೊಡುವ ಇಂಜೆಕ್ಷನ್ ಉಳಿದ ದೃಷ್ಟಿಯನ್ನು ಕಾಯಬಲ್ಲದು.

ಬೇಗ ಸಿಗಬೇಕಾದರೆ ಕ್ಯಾಮೆರಾ ಊರಿಗೇ ಬರಬೇಕು. ಬೆಂಗಳೂರಿನ ಫೋರಸ್ ಹೆಲ್ತ್ ಒಯ್ಯಬಲ್ಲ ‘3ನೇತ್ರ’ವನ್ನೂ, ರೆಮಿಡಿಯೊ ಸಂಸ್ಥೆ ಫೋನಿಗೆ ಹೊಂದುವ ಅಕ್ಷಿಪಟಲ ಕ್ಯಾಮೆರಾವನ್ನೂ ಆಗಲೇ ಮಾಡಿವೆ. ಅನುಮಾನ ಬಂದವರನ್ನಷ್ಟೇ ಒಸಿಟಿಗೆ ಮಿರಜಕ್ಕೋ ಬೆಳಗಾವಿಗೋ ಕಳುಹಿಸಿದರಾಯಿತು. ಮನೆಯಲ್ಲೂ ಒಂದು ಪರೀಕ್ಷೆಯಿದೆ: ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ, ಆಮೇಲೆ ಇನ್ನೊಂದು. ನೆಟ್ಟಗಿನ ಸರಳು ಡೊಂಕಾಗಿ ಕಂಡರೆ ತಡ ಬೇಡ. ಹೊಗೆಸೊಪ್ಪಿನ ನಿಪ್ಪಾಣಿಯ ಸೀಮೆಯಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು: ಬೀಡಿ, ಸಿಗರೇಟು ಬಿಡುವುದು ಈ ರೋಗದ ಅಪಾಯ ತಗ್ಗಿಸಲು ನಮ್ಮ ಕೈಯಲ್ಲೇ ಇರುವ ದೊಡ್ಡ ದಾರಿ.

ಪೊರೆಯ ಶಿಬಿರಕ್ಕೆ ಬರುವ ಪ್ರತಿ ಹಿರಿಯರ ಅಕ್ಷಿಪಟಲದ ಫೋಟೊ ತೆಗೆಯುವುದು ಇನ್ನು ರೂಢಿಯಾಗಲಿ. ಇಷ್ಟು ದೊಡ್ಡ ವಿದ್ಯೆ ಊರ ಹೊಸ್ತಿಲು ದಾಟದೆ ಉಳಿಯಬಾರದು.