ಮಣ್ಣಿನ ಗೋಡೆ ಬಿರುಕು ಬಿಟ್ಟಿತಾ?

ಮಣ್ಣಿನ ಗಿಲಾವು ಒಣಗುತ್ತಿದ್ದಂತೆ ಬಿರುಕು ಬಿಟ್ಟಿತಾ? ಸಿಮೆಂಟ್ ಚೀಲಕ್ಕೆ ಕೈ ಹಾಕಬೇಡ್ರಿ, ಮೊದಲು ಮಣ್ಣು ನೋಡ್ರಿ.

ಬೆಳಗಾವಿಯಿಂದ ಮೂಡಣಕ್ಕೆ ಹೋದಷ್ಟೂ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಗಿಲಾವಿಗೆ ಅದು ಬೇಡವೇ ಬೇಡ. ಖಾನಾಪುರದ ಕಡೆ ಹೆಂಚು, ಮಡಕೆಗೆ ಹೆಸರಾದ ಜೇಡಿಮಣ್ಣು. ಕುಂಬಾರಿಕೆ ತರಬೇತಿ ಸಂಸ್ಥೆಯೇ ಅಲ್ಲಿದೆ. ಆದರೆ ಮಡಕೆಗೆ ಒಪ್ಪುವ ಜೇಡಿ ಗೋಡೆಗೆ ತೀರಾ ಜಿಗುಟು. ಮರಳು ಬೇಕು.

ಎಷ್ಟು? 1 ಬುಟ್ಟಿ ಮಣ್ಣಿಗೆ 1, 2, 3 ಬುಟ್ಟಿ ಮರಳು ಹಾಕಿ ಮೂರು ಹದ ಕಲಸ್ರಿ. ಗೋಡೆ ಮೇಲೆ ಗೇಣಗಲ ಬಳಿದು ಒಣಗಲು ಬಿಡ್ರಿ. ಬಿರುಕು ಬಿಡದ, ಉಜ್ಜಿದರೆ ಪುಡಿ ಉದುರದ ಹದವೇ ನಿಮ್ಮದು. ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ಕೆಲವು ದಿನ ಕೊಳೆಸಿದರೆ ಹಿಡಿತ ಇನ್ನೂ ಗಟ್ಟಿ.

ಕೂದಲೆಳೆ ಬಿರುಕಿಗೆ ನೀರು ಚಿಮುಕಿಸಿ, ಮರದ ಹಲಗೆಯಿಂದ ಸುತ್ತಿಸಿ ತಿಕ್ಕಿದರೆ ಸಾಕು. ಅಗಲವಾಗಿದ್ದರೆ ಕೆರೆದು, ಧೂಳು ತೆಗೆದು, ನೆನೆಸಿ, ಅದೇ ಮಣ್ಣು ತುಂಬ್ರಿ.

ಸಿಮೆಂಟ್ ಮೆತ್ತಿದರೆ? ಖಾನಾಪುರದ ಮಳೆಗಾಲದಲ್ಲಿ ಗೋಡೆ ಹೀರಿದ ತೇವ ಹೊರಬರಲಾರದೆ ಒಳಗೇ ನಿಂತು ಪದರವನ್ನೇ ಕಳಚುತ್ತದೆ.

ಕಿಟಕಿ ಮೂಲೆಯಿಂದ ಓರೆಯಾಗಿ ಬೆಳೆಯುವ ಬಿರುಕಾದರೆ ಬುನಾದಿ ಕುಸಿದಿರಬಹುದು. ಅದಕ್ಕೆ ಮಣ್ಣು ಮೆತ್ತಬೇಡ್ರಿ, ಅನುಭವಿ ಗೌಂಡಿಯನ್ನು ಕರೆಸ್ರಿ.